ಬಾಯಾರಿದ ಮೂಳೆ

"ಪಾಪ, ಆ ತಾಯಿಯ ಹೆಣ್ಣುಮಕ್ಕಳು!" ಎಂದಳು ಮಣ್ಣಮ್ಮ. ತುಂಬಿದ ಸಭೆ ಉಸಿರು ಬಿಗಿಹಿಡಿಯಿತು.

ಮಣ್ಣಿನಡಿ ಮಲಗಿದ ಹಳೆಯ ಊರುಗಳನ್ನು ಅಗೆದು ತೆಗೆಯುವುದು ಅವಳ ಕೆಲಸ. ಅಡ್ಡಹೆಸರು ಬಂದದ್ದೂ ಅದರಿಂದಲೇ. ಹನ್ನೊಂದು ವರ್ಷ ಒಂದೇ ದಿಬ್ಬದ ಮುಂದೆ ಮಂಡಿಯೂರಿದ್ದಳು. ಅದರ ಫಲ ಈಗ ಪರದೆಯ ಮೇಲಿತ್ತು: ಎರಡು ಸಾವಿರ ವರ್ಷದ ಹಿಂದೆ ಸತ್ತ ಹೆಂಗಸೊಬ್ಬಳ ಸೊಂಟದ ಮೂಳೆ. ರೋಗಿಗಳಿಲ್ಲದ ಭಾನುವಾರ ಆಸ್ಪತ್ರೆಯವರು ಅದನ್ನು ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿಸಿದ್ದರು. ಗೆದ್ದಲು ತಿಂದ ಮರದಂತೆ ಒಳಗೆಲ್ಲ ತೂತು. ಕ್ಯಾನ್ಸರ್. ಒಂದು ಚೂರನ್ನು ಪುಡಿಮಾಡಿ ನೋಡಿದಾಗ ಜೀನಿನಲ್ಲೂ ದೋಷ ಸಿಕ್ಕಿತ್ತು. ತಾಯಿಯಿಂದ ಮಗಳಿಗೆ ಸದ್ದಿಲ್ಲದೆ ಇಳಿಯುವಂಥದು, ನಲವತ್ತು ದಾಟುವ ಹೊತ್ತಿಗೆ ಬಾಗಿಲು ತಟ್ಟುವಂಥದು.

"ನೀವು ಪುಡಿಮಾಡಿದ ಚೂರು ಬೆರಳ ತುದಿಯಷ್ಟೇ ಇತ್ತಲ್ಲ ಮೇಡಂ. ಅಷ್ಟೊಂದು ಕಲ್ಲಿನ ಮಧ್ಯೆ ಅದು ಮೂಳೆ ಅಂತ ಹೇಗೆ ಗೊತ್ತಾಯ್ತು?" ಹಿಂದಿನ ಸಾಲಿನವನೊಬ್ಬ ಕೇಳಿದ.

ಮಣ್ಣಮ್ಮ ಎಲ್ಲರೆದುರು ನಾಲಿಗೆ ಚಾಚಿದಳು. "ಹೀಗೆ! ಕಲ್ಲು ಜಾರುತ್ತೆ, ಮೂಳೆ ಅಂಟುತ್ತೆ. ಹಳೇ ಮೂಳೆಗೆ ಬಾಯಾರಿಕೆ ಜಾಸ್ತಿ. ಅದಕ್ಕೇ ನೋಡಿ, ನಮ್ಮ ವೃತ್ತಿಯವರನ್ನ ಯಾರೂ ಊಟಕ್ಕೆ ಕರೆಯಲ್ಲ."

ಸಭೆ ಬಿದ್ದು ಬಿದ್ದು ನಕ್ಕಿತು.

ನಗು ಮೂರು ದಿನ ಬಾಳಿತು. ನಾಲ್ಕನೆಯ ದಿನ ಜೀನು ಪರೀಕ್ಷೆ ಮಾಡಿದ ಡಾಕ್ಟರು ಅವಳ ಕೋಣೆಗೆ ಬಂದು ನಿಂತೇ ಮಾತಾಡಿದರು.

"ಮೇಡಂ, ಜೀನಿನ ಎಳೆ ತುಂಬಾ ಉದ್ದ ಇದೆ. ಅಷ್ಟು ಹಳೇದಾದ್ರೆ ತುಂಡು ತುಂಡಾಗಿರ್ಬೇಕಿತ್ತು. ಇದು ಈಗಿನ ಕಾಲದ್ದು ಅನ್ಸುತ್ತೆ. ನಮ್ಮ ಲ್ಯಾಬಿನಲ್ಲೇ ಯಾರೋ ಹೆಂಗಸರ ಬೆವರೋ ಸೀನೋ ತಾಗಿರ್ಬೇಕು."

ಮಣ್ಣಮ್ಮ ಕೈಲಿದ್ದ ಪೆನ್ನು ಕೆಳಗಿಟ್ಟಳು. ದಿಬ್ಬದ ಮಗ್ಗುಲಲ್ಲಿ ಡಾಂಬರಿನ ಡ್ರಮ್ಮುಗಳು ಆಗಲೇ ಬಂದು ಕೂತಿದ್ದವು. ಜೀನು ನಿಜವಾದರೆ ದಿಬ್ಬಕ್ಕೆ ಬೇಲಿ, ಕಾವಲು. ಸುಳ್ಳಾದರೆ ಅದರ ಮೇಲೆ ರಸ್ತೆ. ಹನ್ನೊಂದು ವರ್ಷದ ಬದುಕು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

"ಯಾರದೂ ಅಲ್ಲ, ಆ ತಾಯೀದೇ ಅಂತ ತೋರಿಸ್ತೀನಿ. ಮುಟ್ಟಿದವರೆಲ್ಲರ ಎಂಜಲು ತಗೊಳ್ಳಿ."

ಎಂಟು ಜನ, ಎಂಟು ಕೊಳವೆ. "ನಾನೇ ಮೊದಲು. ಆಮೇಲೆ ಯಾರೂ ಮೂಗು ಮುರಿಯೋ ಹಾಗಿಲ್ಲ" ಎಂದು ಒಂದನೇ ನಂಬರಿನ ಕೊಳವೆಗೆ ತಾನೇ ಉಗುಳಿ ಮುಚ್ಚಳ ತಿರುಗಿಸಿದಳು. ಮಿಕ್ಕವರು ನಕ್ಕು ಸಾಲಿಗೆ ನಿಂತರು. ಕೊನೆಯವಳು ಮಾತ್ರ ಹಿಂದೆ ಸರಿದಳು. ಲ್ಯಾಬಿನ ಗಾಜು ತೊಳೆಯುವ ಆಯಾ.

ಮೂರು ತಿಂಗಳಿಂದ ಅವಳ ತಲೆಗೆ ಬಟ್ಟೆ ಬಿಗಿದಿತ್ತು. ಮಣ್ಣಮ್ಮನ ಕಣ್ಣು ಅಲ್ಲೇ ನೆಟ್ಟಿತು.

"ಕೂದಲಿಗೇನಾಯ್ತು?"

"ಔಷಧಿ ತಿಂತು ಅಮ್ಮಾ. ನನ್ನನ್ನ ಬಿಟ್ಟಿದೆಯಲ್ಲ, ಅಷ್ಟೇ ಸಾಕು."

"ಕಾಯಿಲೆ ಇಟ್ಕೊಂಡು ಲ್ಯಾಬಿಗೆ ಬಂದ್ಯಾ? ಮೂಳೆ ಇಟ್ಟಿದ್ದ ತಟ್ಟೇನ ನೀನೇ ತೊಳೆದಿದ್ದು, ಅಲ್ವಾ?"

"ಕೈಗವಸು ಇಲ್ದೆ ನಾನು ಲೋಟಾನೂ ಮುಟ್ಟಲ್ಲ. ಆಕಾಶಕ್ಕೆ ಉಗುಳಬೇಡೀಮ್ಮಾ." ಆಯಾ ಕೊಳವೆ ತೆಗೆದುಕೊಂಡಳು. ಒಣಗಿದ ಬಾಯಲ್ಲಿ ಎಂಜಲು ಹುಟ್ಟಲು ಬಹಳ ಹೊತ್ತು ಹಿಡಿಯಿತು.

ಅಂದೇ ಮಣ್ಣಮ್ಮ ಮೇಲಿನವರಿಗೆ ಕಾಗದ ಬರೆದಳು. ಸಂಜೆಯೊಳಗೆ ಆಯಾಳ ಗುರುತಿನ ಚೀಟಿ ಕಿತ್ತುಕೊಂಡರು. ಅವಳು ಗೇಟಿನಾಚೆ ನಿಂತು, ಒಳಗಿನ ದೀಪಗಳನ್ನು ಒಮ್ಮೆ ನೋಡಿ, ಬಟ್ಟೆಯ ಗಂಟು ಬಿಗಿಮಾಡಿಕೊಂಡು ನಡೆದಳು.

ಹತ್ತು ದಿನ ಮಣ್ಣಮ್ಮನಿಗೆ ಅನ್ನ ರುಚಿಸಲಿಲ್ಲ. ಮೇಜಿನ ಮೇಲಿದ್ದ ಚಿತ್ರವನ್ನು ಸೆರಗಿನಿಂದ ಒರೆಸುವುದು, ಮತ್ತೆ ಒರೆಸುವುದು. ಅದರಲ್ಲಿ ಅವಳ ಅಮ್ಮ ಮತ್ತು ಚಿಕ್ಕಮ್ಮ ಹೆಗಲಿಗೆ ಹೆಗಲು ಕೊಟ್ಟು ನಗುತ್ತಿದ್ದರು. ಇಬ್ಬರಿಗೂ ಹೊಟ್ಟೆಯಲ್ಲಿ ನೀರು ತುಂಬಿತಂತೆ. ಆಯಸ್ಸು ಗಟ್ಟಿಯಿರಲಿಲ್ಲ ಎಂದು ಮನೆಯವರು ಒಂದೇ ಮಾತಿನಲ್ಲಿ ಮುಗಿಸಿದ್ದರು. ಚಿತ್ರದಲ್ಲಿನ ಅಮ್ಮನಿಗಿಂತ ಮಣ್ಣಮ್ಮನಿಗೇ ಈಗ ಎರಡು ವರ್ಷ ಹೆಚ್ಚು. ಮಣ್ಣಮ್ಮನ ಮಗಳಿಗೂ ಅದೇ ನಗು.

ಹನ್ನೊಂದನೆಯ ದಿನ ಡಾಕ್ಟರು ಬಂದರು. ಬಾಗಿಲು ಮುಚ್ಚಿದರು. ಈ ಸಲ ಕುಳಿತರು.

"ನಿಮ್ಮ ಮಗಳಿಗೆ ಎಷ್ಟು ವಯಸ್ಸು ಮೇಡಂ?"

"ಇಪ್ಪತ್ನಾಲ್ಕು. ಈಗ ಅವಳ ಸುದ್ದಿ ಯಾಕೆ? ಮೊದಲು ಹೇಳಿ, ಆಯಾದು ಹೊಂದ್ತಾ?"

"ಇಲ್ಲ. ಅವಳಿಗೆ ಬಂದಿರೋ ಕಾಯಿಲೆಯೇ ಬೇರೆ. ಪಾಪ, ಅವಳ ಕೈ ನಮ್ಮೆಲ್ಲರ ಕೈಗಿಂತ ಶುದ್ಧವಾಗಿತ್ತು."

ಮಣ್ಣಮ್ಮನ ಮುಖ ಅರಳಿತು. ಎದ್ದೇ ನಿಂತಳು. "ನಾನು ಹೇಳ್ಲಿಲ್ವಾ! ಹಾಗಾದ್ರೆ ಆ ತಾಯೀದೇ! ದಿಬ್ಬ ಉಳೀತು ಬಿಡಿ."

ಡಾಕ್ಟರು ತಲೆ ಎತ್ತಲಿಲ್ಲ. "ಮೂಳೆಯದು ಅಂತ ಏನೂ ಉಳಿದಿಲ್ಲ ಮೇಡಂ. ಆ ಚೂರಿನಲ್ಲಿ ಸಿಕ್ಕಿದ್ದು ಅದು ಹೊರಗಿನಿಂದ ಹೀರ್ಕೊಂಡಿದ್ದು. ಆ ದೋಷ ಇವತ್ತು ಬದುಕಿರೋರೊಬ್ಬರದು." ಮಡಿಸಿದ ಕಾಗದವನ್ನು ಚಿತ್ರದ ಪಕ್ಕಕ್ಕೆ ಸರಿಸಿದರು. "ನಾಳೆಯೇ ಸ್ಕ್ಯಾನಿಂಗ್ ಮಾಡಿಸೋಣ. ಭಾನುವಾರದ ತನಕ ಕಾಯೋದು ಬೇಡ."

ಕಾಗದದ ತುಂಬ ಗೆರೆಗಳು. ಕೆಳಗೆ, ಹೊಂದಿದ ಕೊಳವೆಯ ಸಂಖ್ಯೆ: ಒಂದು.

ಮಣ್ಣಮ್ಮ ಏನೋ ಹೇಳಲು ಬಾಯಿ ತೆರೆದಳು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು, ಹಳೆಯ ಮೂಳೆಗೆ ಅಂಟಿಕೊಂಡ ಹಾಗೆ.