ಕುದ್ರುವಿನ ಹೆಸರು

ಹೊಳೆ ನಡುವೆ ದ್ವೀಪದಂತಿದ್ದ ಕುದ್ರುವಿನಲ್ಲಿ ಡೆಂಗಿ ಕಾಣಿಸಿಕೊಂಡದ್ದೇ ತಡ, ಅಲ್ಲಿನ ಮುಖಂಡ ಸಂಜೀವ ಬಂಗೇರರು ದೋಣಿ ನಿಲ್ಲುವಲ್ಲಿ ಬೋರ್ಡು ನೆಡಿಸಿದರು: ‘ಹೊರಗಿನವರಿಗೆ ಪ್ರವೇಶವಿಲ್ಲ.’ ರೋಗರುಜಿನ ಏನಿದ್ದರೂ ಹೊಳೆ ದಾಟಿ ಬರುವ ಕೊಳಕರದ್ದು, ಕುದ್ರುವಿನ ಗಾಳಿ ನೀರೆಲ್ಲ ಅಪ್ಪಟ ಶುದ್ಧ ಎಂಬುದು ಅವರ ವಾದ.

ಜನರ ರಕ್ತ ಪರೀಕ್ಷೆಗೆ ಒಯ್ದಿದ್ದ ಡಾಕ್ಟರಮ್ಮ ಮರಳಿ ಬಂದರು.

“ಇದು ಹೊರಗಿನದ್ದಲ್ಲ ಬಂಗೇರರೇ. ವೈರಸ್ಸು ವರ್ಷಗಟ್ಟಲೆ ನಿಮ್ಮ ಕುದ್ರುವಿನೊಳಗೇ ಸುತ್ತಿ, ವಂಶವಾಹಿ ಬದಲಿಸಿಕೊಂಡು ಹೊಸ ತಳಿಯೇ ಆಗಿದೆ. ಪ್ರಪಂಚದಲ್ಲಿ ಬೇರೆಲ್ಲೂ ಸಿಕ್ಕಿಲ್ಲ.”

ಬಂಗೇರರ ಎದೆ ಉಬ್ಬಿತು.

“ಬೇರೆಲ್ಲೂ ಇಲ್ವಾ? ಮತ್ತೆಂತ, ನಮ್ಮ ಕುದ್ರು ಅಂದ್ರೆ ಸಾಮಾನ್ಯವಾ? ಅದಕ್ಕೆ ನಮ್ಮ ಕುದ್ರುವಿನ ಹೆಸರೇ ಇಡಿ!”

“ಮೊದಲು ಅಂಗಳದ ಆ ತೆಂಗಿನ ಚಿಪ್ಪುಗಳ ನೀರು ಚೆಲ್ಲಿಸಿ. ಸೊಳ್ಳೆಯ ಹುಳ ಕುಣೀತಾ ಉಂಟು.”

“ಅದೆಲ್ಲ ಆಮೇಲೆ ಮಾರಾಯ್ರೆ. ಪೇಪರಿನವರಿಗೆ ನಾನೇ ಹೇಳ್ತೇನೆ.”

ಹೇಳಿಯೂ ಹೇಳಿದರು. ‘ಕುದ್ರು ಡೆಂಗಿ’ ಎಂಬ ದಪ್ಪಕ್ಷರದ ಕೆಳಗೆ ಅವರದೇ ನಗುಮುಖ ಅಚ್ಚಾಯಿತು.

ಮರುದಿನ ಮಗಳ ನಿಶ್ಚಿತಾರ್ಥ. ಜರಿ ಶಾಲು ಹೊದ್ದು, ಪೇಪರು ಕಂಕುಳಲ್ಲಿಟ್ಟುಕೊಂಡು, ಮನೆಮಂದಿಯನ್ನೆಲ್ಲ ದೋಣಿ ಹತ್ತಿಸಿ ಬಂಗೇರರು ಆಚೆ ದಡ ಮುಟ್ಟಿದರು. ಅಲ್ಲಿ ಗಂಡಿನ ಅಪ್ಪ ಮುಂದೆ ನಿಂತು ಹೊಸ ಬೋರ್ಡು ನೆಡಿಸುತ್ತಿದ್ದರು: ‘ಕುದ್ರುವಿನವರಿಗೆ ಪ್ರವೇಶವಿಲ್ಲ.’