ಒಂದು ಮೊಳದ ಬಾಗಿಲು

ಉಬ್ಬಿದ್ದೆಲ್ಲ ತಗ್ಗುವುದೆಂಬ ಪ್ರವಾದಿಗಳ ಮಾತು ನಿಜವಾದ ಮೇಲೆ ಬೆಟಗೇರಿಯಲ್ಲಿ ಜಂಬದ ಮಾತು ಆಡಿದಾಗಲೆಲ್ಲ ಆಡಿದವರ ಬಾಗಿಲ ಮೇಲಿನ ಗೋಡೆ ಒಂದು ಮೊಳ ಇಳಿಯುತ್ತಿತ್ತು. ಇಳಿದದ್ದು ಮತ್ತೆ ಏರುತ್ತಿರಲಿಲ್ಲ. ಕನ್ಯೆ ನೋಡಲು ಹೋದವರೂ "ನಮ್ಮ ಹುಡುಗ ದಡ್ಡ ಅದಾನ್ರಿ" ಎಂದೇ ಮಾತು ತೆಗೆಯುತ್ತಿದ್ದರು.

ದೇವರ ದನಿಯನ್ನೂ ಅಣಕಿಸಬಲ್ಲೆನೆಂದು ಹನೋಕ ಸಂತೆಯಲ್ಲಿ ಮತ್ತೆ ಮತ್ತೆ ಕೊಚ್ಚಿಕೊಂಡಿದ್ದ. ಈಗ ಅವನ ಮನೆಯ ಕಿಟಕಿಗಳು ಮುಚ್ಚಿಹೋಗಿ, ಬಾಗಿಲು ಒಂದು ಮೊಳವಷ್ಟೇ ಉಳಿದಿತ್ತು. ಒಳಗೆ ಅವ್ವ ರಾಹೇಲಮ್ಮ ಇದ್ದಳು.

"ಅವ್ವಾ, ಬಾಯಿ ಮುಚ್ಕೊಂಡು ತೆವಳಿ ಬಾ!" ಹನೋಕ ಹೊರಗಿನಿಂದ ಕೂಗಿದ.

"ಬರ್ತೀನಿ ತಡಿಯೋ. ನಿನ್ನಂಥಾ ಮಗ ಇದ್ದಾಕಿಗೆ..."

"ಹೊಗಳಬ್ಯಾಡ ಅಂದ್ನೆಲ್ಲಾ!"

ಅವಳ ಬೆರಳುಗಳು ಹೊಸ್ತಿಲಿಗೆ ಬಂದವು. ಹೇಗಾದರೂ ಅವಳ ಹೆಮ್ಮೆ ಇಳಿಸಬೇಕೆಂದು ಹನೋಕ ಪಾಸ್ಟರ್ ಅಯ್ಯನವರ ಮೂಗುದನಿ ತೆಗೆದ: "ರಾಹೇಲಮ್ಮಾ, ನಿನ್ನ ಮಗ ಕವಡಿ ಕಿಮ್ಮತ್ತಿಲ್ಲದಾಂವ. ಒಪ್ಕೊಂಡು ಹೊರಗ ಬಾ."

ಒಳಗಿಂದ ಕೆಮ್ಮು, ಹಿಂದೆಯೇ ನಗು. "ಅಯ್ಯನೋರಲ್ಲ, ನನ್ನ ಹನೋಕ! ಇಂಥಾ ಮಗನ್ನ ಈ ಊರಾಗ ಮತ್ಯಾರು ಹಡದಾರ?"

ಗೋಡೆ ಗರಗರ ಎಂದಿತು. ಹನೋಕ ಅವಳ ಬೆರಳುಗಳನ್ನು ಒಳಕ್ಕೆ ತಳ್ಳಿದ. ಅಷ್ಟಕ್ಕೇ ಸಮಯವಿತ್ತು.