ಪರೀಕ್ಷೆಯ ಮಂಚ

ಮೊಣಕೈಗೆ ಬ್ಯಾಂಡೇಜು ಸುತ್ತಿ ಮುಗಿಸುವಷ್ಟರಲ್ಲಿ ಹುಡುಗಿ ನಿದ್ದೆ ಹೋಗಿದ್ದಳು. ಔಷಧಿ ಹಚ್ಚಿದ ಉರಿಗೂ ಅವಳು ಮುಖ ಕಿವಿಚಲಿಲ್ಲ. ನರ್ಸ್ ಗಾಬರಿಯಾಗಿ ಡಾಕ್ಟರಮ್ಮನನ್ನು ಕರೆದಳು. ಅವರು ಬಂದು ನಾಡಿ ಹಿಡಿದರು, ರೆಪ್ಪೆ ಎತ್ತಿ ಟಾರ್ಚು ಬಿಟ್ಟರು, ತಲೆಗೆಲ್ಲಾದರೂ ಪೆಟ್ಟು ಬಿದ್ದಿದೆಯೇ ಎಂದು ಕೂದಲೊಳಗೆ ಬೆರಳಾಡಿಸಿದರು. ಎಬ್ಬಿಸಿ ನಾಲ್ಕು ಮಾತು ಕೇಳಿದರು. ಹುಡುಗಿ ಎಲ್ಲಕ್ಕೂ ಸರಿಯಾಗಿ ಉತ್ತರ ಕೊಟ್ಟು, ಮತ್ತೆ ದಿಂಬಿಗೆ ತಲೆ ಇಟ್ಟಳು. ಡಾಕ್ಟರಮ್ಮ ಹಸಿರು ಪರದೆ ಎಳೆದು ತಮ್ಮ ಮೇಜಿಗೆ ವಾಪಸಾದರು.

ಮೇಜಿನ ಮುಂದೆ ಹುಡುಗಿಯ ಅಪ್ಪ ನಿಂತಿದ್ದ. ರೈಲು ಓಡಿಸುವವನು. ಕೈಯಲ್ಲಿ ಹಿಂದಿನ ವಾರದ ರಕ್ತಪರೀಕ್ಷೆಯ ಕಾಗದಗಳಿದ್ದವು, ಅವುಗಳಲ್ಲಿ ಎಲ್ಲವೂ ಸರಿಯಾಗೇ ಇತ್ತು. ಮಗಳು ಹತ್ತನೇ ಕ್ಲಾಸು, ಎರಡನೇ ಪೀರಿಯಡ್ಡಿಗೇ ತೂಕಡಿಸುತ್ತಾಳೆಂದು ಶಾಲೆಯಿಂದ ಮೂರು ಸಲ ದೂರು ಬಂದಿದೆ ಎಂದ. ಇವತ್ತು ಶಾಲೆ ಬಿಟ್ಟು ಬರುವಾಗ ಸೈಕಲ್ಲನ್ನು ನೇರವಾಗಿ ಅಂಚೆ ಕಚೇರಿಯ ಗೋಡೆಗೆ ಗುದ್ದಿದ್ದಳು. ಅಡ್ಡ ಯಾರೂ ಬಂದಿರಲಿಲ್ಲ, ಒಂದು ನಾಯಿ ಕೂಡ. ಕಣ್ಣು ಮುಚ್ಚಿದ್ದು ಗೊತ್ತೇ ಆಗಲಿಲ್ಲ ಎಂದು ಅವಳೇ ಹೇಳಿದ್ದಳು. ನೀರಿನ ಲಾರಿಯೊಂದು ಅವಳ ಪಕ್ಕದಲ್ಲೇ ಹಾದುಹೋಗಿತ್ತು ಎಂಬುದನ್ನು ಎದುರಿನ ಅಂಗಡಿಯವನು ಹೇಳಿದ್ದ. ನಾಲ್ಕಕ್ಕೆ ಟ್ಯೂಷನ್ನಿನಲ್ಲಿ ಟೆಸ್ಟ್ ಇದೆ, ಸದ್ಯಕ್ಕೆ ಶಕ್ತಿಗೆ ಏನಾದರೂ ಬರೆದುಕೊಟ್ಟರೆ ಸಾಕು ಎಂದು ಅಪ್ಪ ಕೇಳಿಕೊಂಡ.

"ರಾತ್ರಿ ಎಷ್ಟೊತ್ತಿಗೆ ಮಲಗ್ತಾಳೆ?"

"ಹನ್ನೊಂದೂವರೆ. ಹೋಂವರ್ಕ್ ಜಾಸ್ತಿ ಇದ್ರೆ ಹನ್ನೆರಡು."

"ಏಳೋದು?"

"ನಾಲ್ಕೂವರೆಗೆ ನಾನೇ ಎಬ್ಬಿಸ್ತೀನಿ. ಬೇರೆ ಊರಲ್ಲಿ ಉಳಿದ ದಿನ ಫೋನ್ ಮಾಡಿ ಎಬ್ಬಿಸ್ತೀನಿ ಮೇಡಂ."

ಅವನ ದನಿಯಲ್ಲಿ ಹೆಮ್ಮೆಯಿತ್ತು. ಐದೂವರೆಗೆ ಗಣಿತದ ಕ್ಲಾಸು, ಎಂಟೂವರೆಗೆ ಶಾಲೆ, ಸಂಜೆ ಟ್ಯೂಷನ್ನು, ಅದಾದ ಮೇಲೆ ಮನೆಯಲ್ಲಿ ಓದು ಎಂದು ವೇಳಾಪಟ್ಟಿ ಒಪ್ಪಿಸಿದ. ಐದು ಗಂಟೆಯ ನಿದ್ದೆಯೂ ಪೂರ್ತಿ ಆಗುತ್ತಿಲ್ಲ, ಈ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ಬೇಕು, ಇದಕ್ಕೆ ಟಾನಿಕ್ ಇಲ್ಲ ಎಂದು ಡಾಕ್ಟರಮ್ಮ ಹೇಳಿದರು. ಅಪ್ಪ ಸಂಕೋಚದಿಂದ ನಕ್ಕ. ಅವಳ ಕ್ಲಾಸಿನ ಮಕ್ಕಳೆಲ್ಲ ಹೀಗೇ, ಮೊದಲನೇ ರ‍್ಯಾಂಕಿನ ಹುಡುಗಿ ಮಲಗುವುದು ನಾಲ್ಕೇ ಗಂಟೆಯಂತೆ ಎಂದ.

ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿದರು. "ನೀವು ನಿದ್ದೆಗೆಟ್ಟು ಡ್ಯೂಟಿಗೆ ಹೋದ್ರೆ ಏನಾಗುತ್ತೆ?"

"ಗಾಡಿ ಕೊಡೋದಿಲ್ಲ," ಎಂದ ಅಪ್ಪ, ತಕ್ಷಣ. "ಸರಿಯಾಗಿ ವಿಶ್ರಾಂತಿ ಆಗಿದೆ ಅಂತ ಸಹಿ ಹಾಕದೆ ಎಂಜಿನ್ ಹತ್ತೋ ಹಾಗೇ ಇಲ್ಲ ಮೇಡಂ."

ಹೇಳಿದ ಮೇಲೆ ಅವನು ಕಾಗದಗಳನ್ನು ಒಂದರ ಮೇಲೊಂದು ಅಂಚು ಕೂಡಿಸಿ ಜೋಡಿಸತೊಡಗಿದ. ಹುಡುಗಿ ತಾನಾಗಿ ಏಳುವವರೆಗೂ ಮಲಗಿರಲಿ, ತಮಗೆ ಇನ್ನೊಂದು ಮಂಚವಿದೆ ಎಂದಷ್ಟೇ ಡಾಕ್ಟರಮ್ಮ ಹೇಳಿ ಮುಂದಿನ ರೋಗಿಯನ್ನು ಕರೆದರು.

ಅಪ್ಪ ಹೊರಗಿನ ಬೆಂಚಿನಲ್ಲಿ ಕೂತು ಟ್ಯೂಷನ್ ಮೇಷ್ಟ್ರಿಗೆ ಫೋನ್ ಮಾಡಿದ. ಮೇಷ್ಟ್ರು ಒಳ್ಳೆಯವರೇ. ಪೆಟ್ಟು ಹೆಚ್ಚಾಯಿತೇ ಎಂದು ವಿಚಾರಿಸಿದರು, ಬಲಗೈ ಅಲ್ಲವಲ್ಲ ಎಂದು ಕೇಳಿ ಸಮಾಧಾನಪಟ್ಟರು. ಹತ್ತು ನಿಮಿಷ ತಡವಾದರೂ ಪರವಾಗಿಲ್ಲ ಕಳಿಸಿ, ಈ ಟೆಸ್ಟ್ ತಪ್ಪಿದರೆ ಮಾತ್ರ ಎರಡನೇ ಬ್ಯಾಚಿಗೆ ಹಾಕಬೇಕಾಗುತ್ತದೆ, ತಮ್ಮ ಕೈಯಲ್ಲೂ ಏನಿಲ್ಲ ಎಂದರು. ಮೊದಲನೇ ಬ್ಯಾಚಿನ ಆ ಒಂದು ಸೀಟಿಗಾಗಿ ಅಪ್ಪ ಬೇಸಿಗೆಯಲ್ಲಿ ಮೂರು ದಿನ ಮೇಷ್ಟ್ರ ಮನೆ ಬಾಗಿಲು ಕಾದಿದ್ದ. ಗೋಡೆಯ ಗಡಿಯಾರ ನೋಡಿದ. ನಾಲ್ಕಕ್ಕೆ ಹತ್ತು ನಿಮಿಷವಿತ್ತು. ನಡೆದರೆ ಎಂಟು ನಿಮಿಷದ ದಾರಿ. ಎದ್ದು ಒಳಗೆ ಹೋಗಿ ಪರದೆ ಸರಿಸಿದ.

ಮಗಳು ಮಂಡಿ ಮಡಚಿ, ಗೋಡೆಯ ಕಡೆ ತಿರುಗಿ ಮಲಗಿದ್ದಳು. ಒಂದು ಶೂ ಕೆಳಗೆ ಬಿದ್ದಿತ್ತು, ಇನ್ನೊಂದು ಕಾಲಲ್ಲೇ ಇತ್ತು. ಬಾಯಿ ಅರೆತೆರೆದಿತ್ತು. ಅಂಗೈಯ ಅಂಚಿನಲ್ಲಿ ಶಾಯಿ ಮೆತ್ತಿತ್ತು. ದಿನಾ ಬೆಳಗ್ಗೆ ಅವನು ದೀಪ ಹಾಕಿದೊಡನೆ ಅವಳು ಕಣ್ಣುಜ್ಜುತ್ತ ಎದ್ದು ಕೂತುಬಿಡುತ್ತಿದ್ದಳು. ಹಗಲ ಬೆಳಕಿನಲ್ಲಿ ಅವಳು ಮಲಗಿದ್ದನ್ನು ನೋಡಿ ಎಷ್ಟು ವರ್ಷವಾಯಿತೆಂದು ಅವನಿಗೆ ಲೆಕ್ಕ ಸಿಗಲಿಲ್ಲ. ಶೂ ಎತ್ತಿ ಮಂಚದ ಕೆಳಗೆ ಸರಿಯಾಗಿಟ್ಟ. ಆಮೇಲೆ ಅವಳ ಭುಜದ ಮೇಲೆ ಕೈಯಿಟ್ಟ.

"ಎದ್ದಿದ್ದೀನಪ್ಪ," ಎಂದಳು ಮಗಳು, ಕಣ್ಣು ತೆರೆಯದೆ. "ಓದ್ತಾ ಇದ್ದೀನಿ."

ಅವನು ಕೈ ಹಿಂದಕ್ಕೆ ತೆಗೆಯಲಿಲ್ಲ, ಅವಳನ್ನು ಅಲುಗಿಸಲೂ ಇಲ್ಲ. ಪರದೆಯಾಚೆ ಡಾಕ್ಟರಮ್ಮ ಯಾರಿಗೋ ಉಸಿರು ಎಳೆದುಕೊಳ್ಳಲು ಹೇಳುತ್ತಿದ್ದರು. ಜೇಬಿನಲ್ಲಿ ಫೋನು ಒಂದು ಸಲ ಗುರ್ರೆಂದು ಸುಮ್ಮನಾಯಿತು. ಅಪ್ಪ ಬಗ್ಗಿ ಮಗಳ ಕಿವಿಯ ಹತ್ತಿರ, ಓದೋದು ಬೇಡ, ಮಲಕ್ಕೋ ಎಂದ.

ಅವಳ ಹುಬ್ಬು ಸ್ವಲ್ಪ ಗಂಟಾಯಿತು.

"ಎಷ್ಟು ನಿಮಿಷ?" ಎಂದು ಕೇಳಿದಳು.